ಬಾಲ್ಕನಿಯಲ್ಲಿ ಮಾಡಿದ ಕುರ್ಚಿ

ಮಣಿಕೊಂಡದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ, ಮಟ್ಟ ನೋಡಲು ರಸಮಟ್ಟ ಇಟ್ಟು ಇಟ್ಟು ಕಾಲು ಕೊಯ್ದು, ನನ್ನ ಮೊದಲ ಕುರ್ಚಿ ಮಾಡಿದೆ. ಭಾನುವಾರ ನಾವು ಹವ್ಯಾಸಿ ಬಡಗಿಗಳು ಸೇರುವ ಹಾಲಿಗೆ ಒಯ್ದರೆ, ಅಲ್ಲಿ ಅದು ಮುಂದಕ್ಕೆ ವಾಲಿತು. ಆದರೂ ಎಲ್ಲರೂ "ಸೂಪರ್" ಎಂದರು. ಒಬ್ಬರಾದರೂ ತಪ್ಪು ತೋರಿಸಬಾರದೇ? ಮೈಯೆಲ್ಲ ಉರಿಯಿತು. ಮನೆಗೆ ತಂದು ಬಾಲ್ಕನಿಯಲ್ಲಿಟ್ಟರೆ ಮತ್ತೆ ಮಟ್ಟಸ!

"ನೀರು ಹರೀಲಿ ಅಂತ ಬಾಲ್ಕನಿ ನೆಲಾನ ಇಳಿಜಾರು ಐತಲ್ಲೋ," ಎಂದಳು ಅವ್ವ.

"ಮೊದಲ ಯಾಕ ಹೇಳಲಿಲ್ಲ?" ಎಂದು ರೇಗಿದೆ.

"ನೀ ಎಲ್ಲಿ ಕೇಳಿದಿ?"

ಈಗ ಕುರ್ಚಿ ಅಲ್ಲೇ ಇದೆ. ರಸ್ತೆ ಕಾಣಲೆಂದು ತಿರುಗಿಸಿದರೆ ದುಪ್ಪಟ್ಟು ವಾಲುತ್ತದೆ. ಹಾಗಾಗಿ ದಿನಾ ಸಂಜೆ ಚಹಾ ಹಿಡಿದು, ರಸ್ತೆಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂರುತ್ತೇನೆ.