ಮಾವ ನನ್ನ ಹೆಸರಿಗೆ ಹಚ್ಚಿದ ಗಂಟು

ನನ್ನ ಸೋದರಮಾವನ ಉಗುರುಗಳು ಮದುಮಗಳ ಉಗುರಿನಷ್ಟು ನಯವಾಗಿದ್ದವು. ಗಜೇಂದ್ರಗಡದ ನೇಕಾರರು ತಾವು ನೇಯ್ದ ಸೀರೆ ಅವನ ಅಂಗಡಿಗೆ ತಂದು ಎದುರಿಗೆ ಬಿಚ್ಚಿದರೆ ಅವನು ಕೈಯಿಂದ ಮುಟ್ಟುತ್ತಿರಲಿಲ್ಲ. ಪೆನ್ಸಿಲಿನ ತುದಿಯಿಂದ ಸೆರಗು ಎತ್ತಿ, ಮೂಗು ಸೊಟ್ಟ ಮಾಡಿ, "ಹೂಂ, ಇಡು" ಎನ್ನುತ್ತಿದ್ದ. ಹಿರಿಯರಿಗೆ ಬಹುವಚನ ಹಚ್ಚಬೇಕೆಂದು ಕಲಿತವಳು ನಾನು. ಇವನಿಗೆ ಏಕವಚನವೇ ಹೆಚ್ಚು.

ಆಗ ಮುಂಬಯಿ ಸರಕಾರದ ದಾರೂಬಂದಿಯ, ಪಾನನಿಷೇಧದ ಕಾಲ. ಊರಿನ ಪ್ರತಿ ಸಭೆಯಲ್ಲೂ ಮಾವನದೇ ಭಾಷಣ. "ಕುಡಿಯಾವನ ನೆರಳೂ ದಾಟಬ್ಯಾಡ್ರಿ. ಮನಷ್ಯಾಗ ನಡತೀನ ದೊಡ್ಡದು." ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದ್ದೇನೆ.

ನರಗುಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಶಿಕ್ಷಕಿಯ ಕೆಲಸ ಸಿಕ್ಕಿತು. "ಬಸ್ಸಿನ್ಯಾಗ ಯಾಕ ಹೊಕ್ಕೀ? ನನ್ನ ಮೋಟಾರದಾಗ ಬಾ" ಎಂದ ಮಾವ. ತಂದೆಯಿಲ್ಲದ ಮಗಳ ಮೇಲೆ ಅಣ್ಣನಿಗೆ ಎಷ್ಟು ಕಾಳಜಿ ಎಂದು ಅವ್ವ ಕಣ್ಣು ಒರೆಸಿಕೊಂಡಳು. ಹಿಂದಿನ ಸೀಟಿನಲ್ಲಿ ದೊಡ್ಡದೊಂದು ಸೀರೆಗಂಟು, ಅದರ ಮೇಲೆ ನನ್ನ ಟ್ರಂಕು, ಪಕ್ಕದಲ್ಲಿ ನಾನು. ಹೆಂಗಸು ಕೂತ ಮೋಟಾರನ್ನು ಪೊಲೀಸರು ತಡೆಯುವುದಿಲ್ಲ ಎಂದು ಅವನು ನನ್ನನ್ನು ಕೂರಿಸಿಕೊಂಡಿದ್ದ. ಅದು ತಿಳಿದದ್ದು ಆಮೇಲೆ.

ರೋಣ ದಾಟುವಲ್ಲಿ ಒಬ್ಬ ಪೊಲೀಸ ಕೈ ಅಡ್ಡ ಹಿಡಿದ. ಯಾರೋ ಸುದ್ದಿ ಮುಟ್ಟಿಸಿದ್ದರು.

"ನಿಂದ್ರಸಬ್ಯಾಡಲೇ, ಓಡಸು!" ಮಾವ ಚೀರಿದ.

ಮೋಟಾರು ನಡೆಸುತ್ತಿದ್ದವರು ನಮ್ಮ ಓಣಿಯ ಮುಸಲ್ಮಾನರು, ನನಗೆ ಡ್ರೈವರ್ ಕಾಕಾ. ಓಡಿಸಿದರು. ಪೊಲೀಸರ ಜೀಪು ಬೆನ್ನು ಹತ್ತಿತು. ನರಗುಂದದ ರಸ್ತೆಯಲ್ಲಿ ಅದರ ಸದ್ದು ಹತ್ತಿರವಾದಂತೆ ಮಾವ, "ಮೆಣಸಗಿ ಕಡೆ ಹೊಲದಾಗ ಹೊಳ್ಳಸು" ಎಂದ.

"ನಿನ್ನೆ ಮಳಿ ಆಗೇತ್ರಿ. ಎರಿ ಹೊಲ, ಗಾಲಿ ಹುಗೀತಾವ್ರಿ."

ಮಾವ ತಾಯಿ ಹಿಡಿದು ಬೈದ. ಕಾಕಾ ಹೊರಳಿಸಿದರು. ಎರಡು ಹೊಲ ದಾಟುವುದರೊಳಗೆ ಗಾಲಿಗಳು ಕರಿಮಣ್ಣಿನಲ್ಲಿ ಅಚ್ಚಿನವರೆಗೆ ಹೂತವು. ಮಾವ ನಮ್ಮಿಬ್ಬರನ್ನೂ ಬಿಟ್ಟು ಇಳಿದು ಓಡಿದ. ಹತ್ತು ಹೆಜ್ಜೆಗೆ ಎರಡೂ ಕಾಲಿಗೆ ಬುಟ್ಟಿ ಬುಟ್ಟಿ ಮಣ್ಣು ಅಂಟಿ, ಬಿಳಿ ಧೋತರ ಸಮೇತ ಕೆಸರಿನಲ್ಲಿ ಕುಳಿತುಬಿಟ್ಟ. ಪೊಲೀಸರು ಅವನನ್ನು ಹಿಡಿಯಬೇಕಾಗಲಿಲ್ಲ, ಎಬ್ಬಿಸಿ ತಂದರು.

ಗಂಟು ಬಿಚ್ಚಿದರೆ ಸೀರೆಗಳ ಮಡಿಕೆಯೊಳಗೆ ಎಣ್ಣೆಕಾಗದ ಸುತ್ತಿದ ಕಪ್ಪು ಉಂಡೆಗಳು. ಫೌಜದಾರ ಒಂದನ್ನು ಮೂಸಿದ. "ಅಫೀಮು. ಯಾರದಿದು?"

ಮಾವ ನನ್ನ ಕಡೆ ಬೆರಳು ಮಾಡಿದ. "ಈಕೀದ್ರೀ ಸಾಹೇಬ್ರ. ಸಾಲಿ ಕಲತಾಕಿ, ಊರೂರು ತಿರಗತಾಳ. ನನಗೇನ ಗೊತ್ರಿ?"

ಫೌಜದಾರ ನನ್ನ ಹೆಸರು ಕೇಳಿ ಬರೆದುಕೊಳ್ಳತೊಡಗಿದ. ಆಗ ಕಾಕಾ ಮುಂದೆ ಬಂದರು.

"ಆ ಹುಡುಗೀ ಹೆಸರು ಬರೀಬ್ಯಾಡ್ರಿ. ಗಂಟು ಧಣ್ಯಾರದು. ಕಟ್ಟಿದಾವ ನಾನು. ಒಳಗೇನೈತಿ ಅನ್ನೂದೂ ನನಗ ಗೊತ್ತಿತ್ರಿ. ನನಗೂ ಬೇಡಿ ಹಾಕ್ರಿ."

ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಿದೆ. ಇಬ್ಬರಿಗೂ ಶಿಕ್ಷೆಯಾಯಿತು. ಕಾಕಾ ಜೈಲಿನಿಂದ ಕೆಮ್ಮು ಹಚ್ಚಿಕೊಂಡು ಬಂದರು. ನೋಡಲು ಹೋಗಿ ಅತ್ತಾಗ ಅವರೇ ನನ್ನನ್ನು ಸಮಾಧಾನ ಮಾಡಿದರು: "ಅಳಬ್ಯಾಡವಾ. ಅಷ್ಟ ದಿನ ಬಾಯಿ ಮುಚ್ಚಿಕೊಂಡಿದ್ದಕ್ಕ ನನಗ ಜೇಲಾತು, ಅವತ್ತ ತೆರದದ್ದಕ್ಕಲ್ಲ." ಹೆಚ್ಚು ದಿನ ಉಳಿಯಲಿಲ್ಲ. ಅವರ ಋಣ ಹೊತ್ತುಕೊಂಡೇ ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ.

ಮಾವ ಮಾತ್ರ ದುಂಡಗೇ ಹೊರಬಂದ. ಮತ್ತೆ ಅಂಗಡಿ, ಮತ್ತೆ ಹಾರ, ಮತ್ತೆ ನಡತೆಯ ಮೇಲೆ ಭಾಷಣ. ಕೊನೆಗೆ ಅವನು ಹಾಸಿಗೆ ಹಿಡಿದಾಗ ಅವ್ವ ನರಗುಂದಕ್ಕೆ ಬಂದಳು.

"ಒಮ್ಮೆ ಬಂದು ಮಾರಿ ತೋರಸು. ನಿನ್ನ ಭಾಳ ನೆನಸಾಕತ್ತಾನ."

"ಏನಂತ?"

ಅವ್ವನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ತಲೆ ತಗ್ಗಿಸಿದಳು. "'ಆಕಿ ಅವತ್ತ ಗಂಟು ನಂದ ಅಂತ ಒಪ್ಪಿಕೊಂಡಿದ್ರ, ಹೆಣ್ಣಹುಡುಗಿ ಅಂತ ಬಿಟ್ಟಬಿಡತಿದ್ರು. ನನ್ನ ಮರ್ಯಾದಿ ಉಳೀತಿತ್ತು' ಅಂತಾನವಾ."

ಅವ್ವನಿಗೆ ಊಟ ಬಡಿಸಿದೆ. ಮಧ್ಯಾಹ್ನದ ಪಾಠಕ್ಕೆ ಹೊತ್ತಾಗಿತ್ತು, ಶಾಲೆಗೆ ಹೋದೆ.