ಬಂಕಾಪುರದ ಬಸ್ಸಿಗೆ ಸಿ ಗ್ರೇಡು

ಮೊನ್ನೆ ಸಂಜೆ ಮಗಳು ಶಾಲೆಯಿಂದ ಬಂದವಳು ಚೀಲದಿಂದ ಒಂದು ಕಾಗದ ತೆಗೆದು ಊಟದ ಮೇಜಿನ ಮೇಲಿಟ್ಟಳು. ನಾನದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಮಕ್ಕಳು ಹೀಗೆ ಬಚ್ಚಲು ಸೇರಿದರೆ ಕಾಗದದಲ್ಲಿ ಏನಿರುತ್ತದೆಂದು ನಿಮಗೂ ಗೊತ್ತು. ‘ಶಾಲಾ ವಾದ್ಯವೃಂದ: ಬಿ’ ಎಂದಿತ್ತು. ಕೆಳಗೆ ಹಾಜರಿ, ವಾದ್ಯದ ಕಾಳಜಿ, ಮನೆಯಲ್ಲಿ ಅಭ್ಯಾಸ, ಶಿಸ್ತು ಎಂದು ನಾಲ್ಕು ಚೌಕಗಳು, ಒಂದೊಂದರಲ್ಲೂ ಒಂದೊಂದು ಅಕ್ಷರ. ನನ್ನ ಮಗಳಿಗೆ ಬಿ! ನಾಳೆ ಬೆಳಿಗ್ಗೆಯೇ ಶಾಲೆಗೆ ಹೋಗಿ ಕೇಳಿಬಿಡಬೇಕೆಂದು ತೀರ್ಮಾನಿಸಿದೆ. ಚಪಾತಿ ಲಟ್ಟಿಸುತ್ತ ಲಟ್ಟಿಸುತ್ತ ಒಂದು ಸಣ್ಣ ಭಾಷಣವನ್ನೂ ಸಿದ್ಧಮಾಡಿಕೊಂಡೆ. ಸಿಟ್ಟಿನಲ್ಲಿ ಲಟ್ಟಿಸಿದ ಚಪಾತಿ ಎಂದೂ ದುಂಡಗಿರುವುದಿಲ್ಲ. ಅಂದು ಎಲ್ಲವೂ ನಮ್ಮ ಜಿಲ್ಲೆಯ ನಕಾಶೆಯ ಆಕಾರಕ್ಕೆ ಬಂದವು.

ಬಚ್ಚಲೊಳಗಿಂದ ಮಗಳು ಕೂಗಿದಳು: “ಮಮ್ಮಿ, ನೀ ಸಾಲ್ಯಾಗಿದ್ದಾಗ ನಿನಗ ಏನ್ ಗ್ರೇಡ್ ಕೊಡ್ತಿದ್ರು?”

“ಎ ಪ್ಲಸ್,” ಅಂದೆ.

ಇದು ನಿಜ. ಆದರೆ ಕೆಲವು ನಿಜಗಳು ಅಷ್ಟಕ್ಕೇ ನಿಲ್ಲಿಸಿದರೆ ಮಾತ್ರ ಚಂದ. ಮಗಳಿಗೆ ಅಷ್ಟಕ್ಕೇ ನಿಲ್ಲಿಸಿದೆ. ನಿಮ್ಮ ಮುಂದೆ ನನಗೇನು ಮುಚ್ಚುಮರೆ? ಕೂತುಕೊಳ್ಳಿ, ಉಳಿದದ್ದನ್ನು ಹೇಳುತ್ತೇನೆ.

ನಾನು ಓದಿದ್ದು ಶಿಗ್ಗಾಂವಿಯಲ್ಲಿ. ನಮ್ಮ ಮನೆಗೂ ಶಾಲೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗಂಟೆ ಬಾರಿಸತೊಡಗಿದಾಗ ಮನೆ ಬಿಟ್ಟರೆ ಅದು ನಿಲ್ಲುವಷ್ಟರಲ್ಲಿ ತರಗತಿಯಲ್ಲಿರುತ್ತಿದ್ದೆ. ನನ್ನ ಸಂಗೀತದ ಸಾಧನೆಯೆಲ್ಲ ಈ ಗೋಡೆಯ ಮೇಲೇ ನಿಂತಿತ್ತೆಂಬುದನ್ನು ಮರೆಯಬೇಡಿ.

ನಮ್ಮ ಸಂಗೀತದ ಮೇಷ್ಟ್ರು ಕಲ್ಲಾಪುರ ಸರ್. ತೆಳ್ಳಗೆ, ಉದ್ದಕ್ಕೆ ಇದ್ದರು. ಕಿಸೆಯಲ್ಲಿ ಯಾವಾಗಲೂ ಒಂದು ಕೆಂಪು ಪೆನ್ನು. ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ಮೂರು ಕೊಳಲು, ಒಂದು ಬುಲ್‌ಬುಲ್, ಒಂದು ಜೋಡಿ ದೊಡ್ಡ ಕಂಚಿನ ತಾಳ, ಇಷ್ಟನ್ನು ಕೂಡಿಸಿ ಅವರು ಒಂದು ವಾದ್ಯವೃಂದ ಕಟ್ಟಿದ್ದರು. ಬುಲ್‌ಬುಲ್ ನೋಡಿಲ್ಲದವರಿಗೆ ಹೇಳುತ್ತೇನೆ: ಮರದ ಹಲಗೆಯ ಮೇಲೆ ತಂತಿ ಬಿಗಿದು, ಅದಕ್ಕೆ ಟೈಪ್‌ರೈಟರಿನ ಗುಂಡಿಗಳನ್ನು ಕೂಡಿಸಿದರೆ ಹೇಗಿರುತ್ತದೋ ಹಾಗೆ. ಬಲ್ಲವರು ನುಡಿಸಿದರೆ ಹೆಸರಿಗೆ ತಕ್ಕಂತೆ ಹಕ್ಕಿ. ಬಾರದವರು ನುಡಿಸಿದರೆ ತಹಶೀಲ್ದಾರ ಕಚೇರಿ.

ಸಂಗೀತದ ಕೋಣೆಯ ಗೋಡೆಯ ಮೇಲೆ ಸರ್ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದ ದೊಡ್ಡ ಹಾಳೆಯೊಂದನ್ನು ಅಂಟಿಸಿದ್ದರು: ‘ವಾದ್ಯವೃಂದದ ವಿದ್ಯಾರ್ಥಿಗಳಿಂದ ನಿರೀಕ್ಷಿಸುವುದು’. ಒಟ್ಟು ಹನ್ನೆರಡು ನಿಯಮ. ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಿಂದ ಹಾರ್ಮೋನಿಯಂ ಮುಟ್ಟತಕ್ಕದ್ದಲ್ಲ ಎಂಬುದು ನಾಲ್ಕನೆಯದು. ಕೊಳಲಿನಿಂದ ನೀರು ಹೀರತಕ್ಕದ್ದಲ್ಲ ಎಂಬುದು ಏಳನೆಯದು. ಈ ಏಳನೆಯ ನಿಯಮ ಯಾರ ದೆಸೆಯಿಂದ ಬಂತೆಂದು ಈಗ ಹೇಳಿ ಪ್ರಯೋಜನವಿಲ್ಲ. ಆ ಘಟನೆಯ ನಂತರ ನನಗೆ ಕೊಳಲು ಬಿಡಿಸಿ ತಾಳ ಕೊಟ್ಟರು ಎಂದಷ್ಟೇ ತಿಳಿದುಕೊಳ್ಳಿ. ಸರ್ ತಾವೇ ಕೂಡಿಸಿದ ಏಳು ನಿಮಿಷದ ವಾದನದಲ್ಲಿ ನನ್ನ ಪಾಲಿಗೆ ಕೊನೆಯಲ್ಲಿ ಒಂದೇ ಒಂದು ‘ಝಣ್’ ಇತ್ತು.

ನಿಯಮಗಳ ಕೆಳಗೆ ಅಂಕಗಳ ಹಂಚಿಕೆ. ಹಾಜರಿಗೆ ನಲವತ್ತು, ಮನೆಯ ಅಭ್ಯಾಸಕ್ಕೆ ಮೂವತ್ತು, ಉಡುಪು ಮತ್ತು ಉಗುರಿಗೆ ಇಪ್ಪತ್ತು, ನುಡಿಸುವುದಕ್ಕೆ ಹತ್ತು. ತಬಲಾದ ಹುಡುಗನೊಬ್ಬ ಧೈರ್ಯಮಾಡಿ ಕೇಳಿಯೇಬಿಟ್ಟ: “ಸರ್, ನುಡ್ಸೋದಕ್ಕ ಹತ್ತs ಏನ್ರಿ? ಉಗುರಿಗೆ ಇಪ್ಪತ್ತ್ ಅದಾವಲ್ರಿ!”

“ನುಡ್ಸೋದು ದೇವರು ಕೊಡೋದೋ ತಮ್ಮಾ. ಬರೋದು ನೀ ಕೊಡೋದು. ಉಗುರು ತಕ್ಕೊಳ್ಳೋದಂತೂ ಯಾರ್ ಬೇಕಾದ್ರೂ ಮಾಡಬೌದು,” ಅಂದರು ಸರ್.

ಈಗ ನನ್ನ ಎ ಪ್ಲಸ್ಸಿನ ಗುಟ್ಟು ನಿಮಗೆ ಹೊಳೆದಿರಬೇಕು. ಬೆಳಿಗ್ಗೆ ಏಳೂವರೆಗೆ ಅಭ್ಯಾಸ. ಗೋಡೆ ಹಾರಿದರೆ ಹಾಜರಿ. ಉಗುರು ಕಡಿಯುವ ಚಟವಿದ್ದದ್ದರಿಂದ ಆ ಇಪ್ಪತ್ತೂ ನನ್ನವೇ. ಮನೆಯ ಅಭ್ಯಾಸಕ್ಕೆ ಒಂದು ಕಾರ್ಡು, ಅದರಲ್ಲಿ ‘ಪಾಲಕರ ಅಭಿಪ್ರಾಯ’ ಎಂಬ ಚೌಕ. ಒಂದು ‘ಝಣ್’ ಅಭ್ಯಾಸಕ್ಕೆ ಎಷ್ಟು ಹೊತ್ತು ಬೇಕು? ಅವ್ವ ದಿನಾ ‘ಬಾರಿಸಿದಳು’ ಎಂದು ಬರೆದು ಸಹಿ ಮಾಡುತ್ತಿದ್ದಳು. ತೊಂಬತ್ತೈದಕ್ಕೆ ಕಡಿಮೆಯಿಲ್ಲದಂತೆ ಅಂಕ. ನಾನು ದೊಡ್ಡ ಸಂಗೀತಗಾರ್ತಿ ಎಂದು ನನಗೇ ಅನ್ನಿಸತೊಡಗಿತ್ತು.

ಬುಲ್‌ಬುಲ್ ನುಡಿಸುತ್ತಿದ್ದವಳು ರೇಷ್ಮಾ. ಬಂಕಾಪುರದವಳು, ಅವಳ ಅಜ್ಜ ಗಾದಿ ಹೊಲಿಯುತ್ತಿದ್ದರು. ಅವರ ಮನೆಯಲ್ಲೂ ಒಂದು ಹಳೆಯ ಬುಲ್‌ಬುಲ್ ಇತ್ತು, ಅಜ್ಜನೇ ಕಲಿಸಿದ್ದು. ಅವಳು ಗುಂಡಿಗಳ ಮೇಲೆ ಬೆರಳಿಟ್ಟರೆ ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಲೆಕ್ಕ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದರು. ಇಡೀ ವಾದ್ಯವೃಂದ ಎಂದರೆ ಅವಳೇ. ನಾವೆಲ್ಲ ಅವಳ ಸುತ್ತ ಗದ್ದಲ ಹಾಕುವವರು.

ಅವಳಿಗೆ ಸಿ ಗ್ರೇಡು.

ಯಾಕೆಂದರೆ ಬಂಕಾಪುರದ ಮೊದಲ ಬಸ್ಸು ಶಿಗ್ಗಾಂವಿ ಮುಟ್ಟುತ್ತಿದ್ದದ್ದೇ ಏಳು ಐವತ್ತಕ್ಕೆ. ಹತ್ತು ನಿಮಿಷಕ್ಕಿಂತ ತಡವಾದರೆ ಗೈರುಹಾಜರಿ ಎಂಬುದು ಎರಡನೆಯ ನಿಯಮ. ಅಲ್ಲಿಗೆ ನಲವತ್ತು ಹೋಯಿತು. ಅವಳ ಕಾರ್ಡಿನಲ್ಲಿ ಅಜ್ಜ ಅಭಿಪ್ರಾಯವನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು. ಸರ್‌ಗೆ ಉರ್ದು ಬಾರದು. ಓದಲಾಗದ್ದಕ್ಕೆ ಅಂಕ ಹೇಗೆ ಕೊಡುವುದೆಂದು ಆ ಮೂವತ್ತನ್ನೂ ಖಾಲಿ ಬಿಟ್ಟಿದ್ದರು. ಉಳಿದದ್ದು ಉಗುರು ಮತ್ತು ದೇವರು ಕೊಟ್ಟದ್ದು.

ಸವಣೂರಿನಲ್ಲಿ ನಡೆಯುವ ವಾದ್ಯವೃಂದಗಳ ಸ್ಪರ್ಧೆಗೆ ಮೂರು ವಾರ ಇರುವಾಗ ಅವಳಿಗೆ ಎರಡನೆಯ ಬಾರಿ ಸಿ ಬಂತು. ಎರಡು ಸಿ ಬಂದವರು ವಾದ್ಯವೃಂದ ಬಿಡತಕ್ಕದ್ದು ಎಂಬುದು ಹತ್ತನೆಯ ನಿಯಮ. ಖಾಲಿಯಾದ ವಾದ್ಯ ಅತಿ ಹೆಚ್ಚು ಅಂಕದವರಿಗೆ ಎಂಬುದು ಹನ್ನೊಂದನೆಯದು. ಸರ್ ಆ ಹಾಳೆಯ ಮುಂದೆ ಬಹಳ ಹೊತ್ತು ನಿಂತರು. ತಾವೇ ಬರೆದದ್ದು, ತಾವೇ ಗೋಂದು ಹಚ್ಚಿ ಅಂಟಿಸಿದ್ದು. ಕೊನೆಗೆ ನಮ್ಮ ಕಡೆ ತಿರುಗದೆಯೇ ರೇಷ್ಮಾಳಿಗೆ ಹೇಳಿದರು: “ಬುಲ್‌ಬುಲ್ ಆಕಿಗಿ ಕೊಡವಾ.”

ರೇಷ್ಮಾ ಅಳಲಿಲ್ಲ. ವಾದ್ಯವನ್ನು ಅದರ ಗಾದಿಬಟ್ಟೆಯ ಚೀಲಕ್ಕೆ ಹಾಕಿ, ದಾರ ಕಟ್ಟಿ ನನ್ನ ತೊಡೆಯ ಮೇಲಿಟ್ಟಳು. “ಮೂರನೇ ಗುಂಡಿ ಸ್ವಲ್ಪ ಬಿಗಿ ಐತಿ. ಜೋರಾಗಿ ಒತ್ತು,” ಅಂದಳು.

ನನಗೆ ಬೇಸರವಾಯಿತೇ ಎಂದು ನೀವು ಕೇಳಬಹುದು. ಆಯಿತು, ಆದರೆ ಹೆಚ್ಚು ಹೊತ್ತು ಇರಲಿಲ್ಲ. ಮುಖ್ಯ ವಾದ್ಯ! ಮುಂದಿನ ಸಾಲು! ಅಂದು ಗೋಡೆ ಹಾರುವಾಗ ನಾನು ಎಂದಿಗಿಂತ ಒಂದು ಗೇಣು ಮೇಲೆ ಹಾರಿದೆ.

ಮನೆಯಲ್ಲಿ ನಾನು ಅಭ್ಯಾಸಕ್ಕೆ ಕೂತದ್ದು ಹಿತ್ತಲಲ್ಲಿ, ಅವ್ವ ಎಮ್ಮೆ ಹಿಂಡುವ ಹೊತ್ತಿಗೆ. ಮೂರನೆಯ ಗುಂಡಿಯನ್ನು ಜೋರಾಗಿ ಒತ್ತಿದೆ. ಎಮ್ಮೆ ತಲೆಯೆತ್ತಿ ನನ್ನನ್ನು ನೋಡಿತು. ನಾಲ್ಕನೆಯದನ್ನು ಒತ್ತಿದೆ. ಎಮ್ಮೆ ಅವ್ವನನ್ನು ನೋಡಿತು. ಐದನೆಯದಕ್ಕೆ ಹಾಲು ಏರಿಸಿಕೊಂಡು ಬಿಗಿಯಾಗಿ ನಿಂತುಬಿಟ್ಟಿತು. ಅಡುಗೆಮನೆಗೆ, ಪಡಸಾಲೆಗೆ, ಅಟ್ಟಕ್ಕೆ ಜಾಗ ಬದಲಿಸಿ ನೋಡಿದ್ದಾಯಿತು. ಎಮ್ಮೆಯ ಕಿವಿ ಬಹಳ ಸೂಕ್ಷ್ಮ. ಒಂದು ವಾರದ ನನ್ನ ಕಾರ್ಡಿನಲ್ಲಿ ಅವ್ವನ ಅಭಿಪ್ರಾಯ ಹೀಗಿತ್ತು: ‘ಬಾರಿಸಿದಳು. ಎಮ್ಮಿ ಹಾಲು ಕೊಡಲಿಲ್ಲ.’ ‘ಬಾರಿಸಿದಳು. ಎಮ್ಮಿ ಒದಿತು.’ ‘ಬಾರಿಸಿದಳು. ಬಾಜೂ ಮನಿ ಎಮ್ಮಿನೂ ಕೊಡಲಿಲ್ಲ.’

ಸರ್ ಇದನ್ನು ಓದಿ ಮನೆಯ ಅಭ್ಯಾಸಕ್ಕೆ ಮೂವತ್ತಕ್ಕೆ ಮೂವತ್ತು ಕೊಟ್ಟರು. ಅಷ್ಟೊಂದು ಖಚಿತವಾದ ಪುರಾವೆ ಅವರಿಗೆ ಈವರೆಗೆ ಯಾರ ಮನೆಯಿಂದಲೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಸೆರಗು ಬಿಗಿದು ಸಂಗೀತದ ಕೋಣೆಗೇ ಬಂದಳು. ರೇಷ್ಮಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಶಾಲೆಯ ಹೊತ್ತಿಗೆ ಬೇರೆ ಬಸ್ಸಿಲ್ಲದ್ದರಿಂದ ಅವಳು ಅದೇ ಬಸ್ಸಿಗೆ ಬಂದು, ಹೊರಗೆ ಕೂತು ನಾವು ನುಡಿಸುವುದನ್ನು ಕೇಳುತ್ತ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆನಂದದಿಂದ ಅಲ್ಲ.

“ಸರ್, ನನ್ನ ಮಗಳಿಗೆ ಸಿ ಕೊಡ್ರಿ,” ಅಂದಳು ಅವ್ವ.

ಸರ್‌ಗೆ ಅರ್ಥವಾಗಲಿಲ್ಲ. ಗ್ರೇಡು ಏರಿಸಿ ಎಂದು ಬರುವ ತಾಯಂದಿರನ್ನು ಅವರು ನೋಡಿದ್ದರು. “ಹಂಗ ಕೊಡಾಕ ಬರೂದಿಲ್ರಿ ಅವ್ವಾರ. ಆಕಿ ಹಾಜರಿ ಪೂರಾ ಐತಿ, ಕಾರ್ಡ್ ಪೂರಾ ಐತಿ.”

“ಎಲ್ಲಾ ಪೂರಾ ಐತ್ರಿ, ಬಾರ್ಸಾಕ ಒಂದು ಬರೂದಿಲ್ಲ. ಹೊರಗ ಕುಂತೈತಲ್ಲ ಆ ಹುಡುಗಿ, ಆಕಿಗಿ ಎಲ್ಲಾ ಬರ್ತೈತಿ, ಆಕಿನ್ನ ಹೊರಗ ಹಾಕೀರಿ. ಯಾಕ್ರಿ?”

“ಲೇಟ್ ಬರ್ತಾಳ್ರಿ.”

“ಆಕಿ ಎಲ್ಲೆ ಲೇಟ್ ಬರ್ತಾಳ್ರಿ? ಬಸ್ ಲೇಟ್ ಬರ್ತೈತಿ. ಸಿ ಕೊಡೂದಿದ್ರ ಬಸ್ಸಿಗೆ ಕೊಡ್ರಲಾ!”

ತಬಲಾದ ಹುಡುಗನ ಗಂಟಲಿನಿಂದ ‘ಫಿಸ್’ ಎಂದೊಂದು ಸದ್ದು ಹೊರಟಿತು. ಸರ್ ಮಾತ್ರ ನಗಲಿಲ್ಲ. ಬೆಂಚಿನ ಮೇಲೆ ಕೂತುಕೊಂಡು, ಕೆಂಪು ಪೆನ್ನಿನ ಟೋಪಿಯನ್ನು ತೆಗೆಯುತ್ತ ಹಾಕುತ್ತ ಮೆಲ್ಲಗೆ ಹೇಳಿದರು:

“ಅವ್ವಾರ, ನಾ ಸಣ್ಣಾಂವ ಇದ್ದಾಗ ದಿನಾ ಎಲ್ಲಾರ್ಕಿಂತ ಮೊದಲ ಹೋಗಿ ಗುರುಗಳ ಮುಂದ ಕುಂದರ್ತಿದ್ನಿ. ‘ನಿನ್ನ ದನೀಗೆ ಸೊನ್ನಿ, ಮನೀಗ್ ಹೋಗು’ ಅಂದ್ಬಿಟ್ರು. ದನಿ ಇಲ್ಲದ ಹುಡುಗರಿಗೂ ಒಂದು ಜಾಗಾ ಇರ್ಲಿ ಅಂತ ಈ ಲೆಕ್ಕಾ ಮಾಡಿದ್ನಿ. ದನಿ ಇದ್ದಾಕಿನs ಹೊರಗ ಹೋಗ್ತಾಳ ಅಂತ ನನಗ ತಿಳೀಲಿಲ್ಲ ನೋಡ್ರಿ.”

ಅವ್ವನ ಸೆರಗು ತಾನಾಗಿ ಸಡಿಲಾಯಿತು. ನಾನು ತಲೆ ತಗ್ಗಿಸಿ ನನ್ನ ಉಗುರು ನೋಡಿಕೊಂಡೆ. ದನಿ ಇಲ್ಲದವರಿಗಾಗಿ ಅವರು ಕಾದಿಟ್ಟ ಆ ಜಾಗದಲ್ಲಿ ಇಷ್ಟು ದಿನ ರಾಣಿಯ ಹಾಗೆ ಕೂತವಳು ನಾನು. ಎದ್ದು, ಬುಲ್‌ಬುಲ್ ಎತ್ತಿಕೊಂಡು ಹೊರಗೆ ಹೋಗಿ ರೇಷ್ಮಾಳ ತೊಡೆಯ ಮೇಲಿಟ್ಟೆ. “ಮೂರನೇ ಗುಂಡಿ ಈಗ ಸಡ್ಲ ಆಗೇತಿ,” ಅಂದೆ. ಅವಳು ಒತ್ತಿ ನೋಡಿ, “ಸಡ್ಲ ಅಲ್ಲ, ಮುರದೀ,” ಅಂದಳು.

ಮರುದಿನ ಗೋಡೆಯ ಹಾಳೆಯ ಮೇಲೆ ಹದಿಮೂರನೆಯ ಸಾಲು ಇತ್ತು, ಅದೇ ಮುತ್ತಿನಂಥ ಅಕ್ಷರದಲ್ಲಿ: ‘ಬಂಕಾಪುರದ ಬಸ್ಸು: ಸಿ. ಆದ್ದರಿಂದ ಅಭ್ಯಾಸ ಎಂಟು ಗಂಟೆಗೆ.’ ರೇಷ್ಮಾಳ ಹಳೆಯ ಕಾರ್ಡುಗಳನ್ನೂ ಸರ್ ಉರ್ದು ಶಾಲೆಯ ಗುರುಗಳಲ್ಲಿಗೆ ಒಯ್ದು ಓದಿಸಿಕೊಂಡು ಬಂದಿದ್ದರು. ಅಜ್ಜ ದಿನಾ ಬರೆದಿದ್ದು ಒಂದೇ ಸಾಲು, ಬದಲಾಗುತ್ತಿದ್ದದ್ದು ಲೆಕ್ಕ ಮಾತ್ರ: ‘ಇಂದು ಎರಡು ನವಿಲು ಬಂದು ಕೇಳಿದವು.’ ‘ಇಂದು ಐದು ನವಿಲು.’ ‘ಇಂದು ಮಳೆ, ಒಂದೇ ನವಿಲು, ಆದರೆ ಕೊನೆಯ ತನಕ ನಿಂತಿತ್ತು.’ ಅವರ ಮನೆ ಕೋಟೆಯ ಹತ್ತಿರ. ಅಲ್ಲಿ ನವಿಲುಗಳಿಗೇನು ಕೊರತೆ? ನವಿಲುಗಳಿಗೂ ಎಮ್ಮೆಗೂ ಹೋಲಿಕೆ ಮಾಡಿ ಯಾರೂ ಏನೂ ಅನ್ನಲಿಲ್ಲ. ಆದರೆ ಎಲ್ಲರೂ ನನ್ನ ಕಡೆ ನೋಡಿದರು.

ಸವಣೂರಿನ ಸ್ಪರ್ಧೆಗೆ ಹಿರೇಕೆರೂರಿನ ತಂಡವೂ ಬಂದಿತ್ತು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಒಂದೇ ಬಣ್ಣದ ಬೂಟು, ಮನುಷ್ಯನಷ್ಟೆತ್ತರದ ಡೋಲು. ಅದನ್ನು ನೋಡಿಯೇ ನಮ್ಮ ಕೊಳಲಿನವರಿಗೆ ಉಸಿರು ನಿಂತಿತು. ನಮ್ಮ ಸರದಿ ಬಂತು. ರೇಷ್ಮಾ ಶುರುಮಾಡಿದಳು. ಮೂರನೆಯ ಗುಂಡಿಗೆ ಅಜ್ಜ ಸೂಜಿ ದಾರದಲ್ಲಿ ಅದೇನೋ ಹೊಲಿಗೆ ಹಾಕಿ ಕೊಟ್ಟಿದ್ದರು. ನಾನು ಹಿಂದಿನ ಸಾಲಿನಲ್ಲಿ ಎರಡು ತಾಳಗಳನ್ನು ಎದೆಯ ಮುಂದೆ ಹಿಡಿದು ನಿಂತಿದ್ದೆ. ಅವಳ ಬೆನ್ನನ್ನಷ್ಟೇ ನೋಡುತ್ತಿದ್ದೆ. ಆರು ತಿಂಗಳಿಂದ ಒಂದೇ ಕೋಣೆಯಲ್ಲಿದ್ದೂ ನನ್ನ ‘ಝಣ್’ಗೆ ಕಾಯುತ್ತ ಕಾಯುತ್ತ ನಾನು ಅವಳನ್ನು ಒಂದು ದಿನವೂ ಸರಿಯಾಗಿ ಕೇಳಿರಲಿಲ್ಲ. ಅಂದು ಕೇಳಿದೆ. ಎಷ್ಟು ಚೆನ್ನಾಗಿ ಕೇಳಿದೆನೆಂದರೆ, ವಾದನ ಮುಗಿದು, ಜನ ಚಪ್ಪಾಳೆ ತಟ್ಟಿ, ನಾನೂ ಚಪ್ಪಾಳೆ ತಟ್ಟಲು ಹೋದಾಗಲೇ ಕೈಯಲ್ಲಿ ತಾಳಗಳಿವೆ ಎಂಬುದು ನೆನಪಾದದ್ದು.

ತೀರ್ಪುಗಾರರ ಬಾಯಿ ತುಂಬ ಸವಣೂರಿನ ವೀಳ್ಯದೆಲೆಯಿತ್ತು. ಅದನ್ನು ಒಂದು ಕೆನ್ನೆಗೆ ಸರಿಸಿ ಹೇಳಿದರು: “ಶಿಗ್ಗಾಂವಿ ಹುಡುಗರು ಕಡೀಗೆ ತಾಳಾ ಎತ್ತಿ ಹಿಡದು, ಬಾರ್ಸದs ಮೌನ ಇಟ್ರು ನೋಡ್ರಿ, ಅದು ಭಾಳ ದೊಡ್ಡ ವಿಚಾರ!”

ಮೊದಲ ಬಹುಮಾನ ಡೋಲಿನವರಿಗೇ ಹೋಯಿತು. ನಮಗೆ ಎರಡನೆಯದು. ತಿರುಗಿ ಬರುವಾಗ ಬಸ್ಸಿನಲ್ಲಿ ಸರ್ ಕೆಂಪು ಪೆನ್ನು ತೆಗೆದು, ನನ್ನ ಹೆಸರಿನ ಮುಂದೆ ಅದನ್ನು ಹಿಡಿದು ಎರಡು ಊರು ದಾಟುವ ತನಕ ಯೋಚಿಸಿದರು. ಕೊನೆಗೆ ನನ್ನನ್ನು ಕರೆದು ಹೇಳಿದರು: “ಮರ್ತಿದ್ದಕ್ಕ ಸಿ ಕೊಡಬೇಕು. ಮರ್ತಿದ್ದು ಚಂದ ಆಗಿದ್ದಕ್ಕ ಎ ಕೊಡಬೇಕು. ನಡಕ ಬಿ ಹಾಕೇನಿ. ಏನವಾ, ನ್ಯಾಯ ಐತಿಲ್ಲೋ?”

“ಐತ್ರಿ,” ಅಂದೆ. ನನ್ನ ಇಡೀ ಶಾಲಾ ಜೀವನದಲ್ಲಿ ನಾನೇ ದುಡಿದು ಪಡೆದ ಗ್ರೇಡು ಅದೊಂದೇ.

ನೋಡಿ, ಇಷ್ಟು ಹೇಳುವಷ್ಟರಲ್ಲಿ ಚಪಾತಿಗಳೂ ತಣ್ಣಗಾದವು, ಭಾಷಣವೂ ಮರೆತುಹೋಯಿತು. ಆದರೂ ಮರುದಿನ ಮಗಳ ಶಾಲೆಗೆ ಹೋದೆ. ಸಂಗೀತದ ಮೇಡಂ ಇಪ್ಪತ್ತೈದು ದಾಟಿರದ ಹುಡುಗಿ. ನನ್ನನ್ನು ಬಾಗಿಲಲ್ಲಿ ಕಂಡೊಡನೆ ಗಾಬರಿಯಿಂದ ಫೈಲನ್ನು ಎದೆಗವಚಿಕೊಂಡು ಎದ್ದು ನಿಂತಳು. ನನ್ನಂಥವರು ಅಂದು ಬೆಳಿಗ್ಗೆಯಿಂದ ನಾಲ್ಕು ಜನ ಬಂದುಹೋಗಿದ್ದರಂತೆ.

“ಗ್ರೇಡ್ ಕೇಳಾಕ ಬಂದ್ರೇನ್ರಿ ಮೇಡಂ?” ಎಂದು ನನ್ನನ್ನು ಕೇಳಿದಳು.

“ಇಲ್ಲವಾ. ಹುಡುಗ್ರು ಬಾರ್ಸೋದು ಕೇಳಾಕ ಬಂದೇನಿ. ಕುಂದರ್ಲೇನು?”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಫೈಲನ್ನು ಕಿಟಕಿಯಲ್ಲಿಟ್ಟು, ತನ್ನ ಕುರ್ಚಿಯನ್ನೇ ತಂದು ಹಾಕಿದಳು. ಮಕ್ಕಳು ಶುರುಮಾಡಿದರು. ಏನು ಹೇಳಲಿ, ಘೋರವಾಗಿತ್ತು. ನನ್ನ ಮಗಳು ಉಳಿದವರಿಗಿಂತ ಎರಡು ಹೆಜ್ಜೆ ಮುಂದೆ ಓಡಿ, ತಿರುಗಿ ನೋಡಿ, ನಿಂತು, ಅವರಿಗಾಗಿ ಕಾಯುತ್ತಿದ್ದಳು. ನಾನು ಕೊನೆಯ ತನಕ ಕೇಳಿದೆ. ಮುಗಿದ ಮೇಲೆ, “ಇನ್ನೊಂದ್ ಸಲ ಬಾರ್ಸ್ರಿ,” ಅಂದೆ.