ಅಲ್ ಖೌದ್‌ನ ಅಂಗಳದಲ್ಲಿ ಸೇಬಿನ ಗಿಡ

ಹಿತ್ತಲಲ್ಲಿ ಹಣ್ಣಿನ ಗಿಡ ನೆಡೋಣವೆಂದು ಮಾತು ಬಂದಾಗ ನಾನು ನಿಂಬೆ ಎಂದೆ. ನನ್ನ ಗಂಡ ಸೇಬು ಎಂದರು. ಅಲ್ ಖೌದ್‌ನಲ್ಲಿ ಬೇಸಿಗೆ ಬಂದರೆ ತಣ್ಣೀರಿನ ನಲ್ಲಿಯಲ್ಲೂ ಕೈ ಸುಡುವ ನೀರು ಬರುತ್ತದೆ. ಅಂಥ ಅರಬ್ಬೀ ಮರಳುಗಾಡಿನ ಊರಿನಲ್ಲಿ ಸೇಬು!

“ನಿಂಬೇನ ಯಾರು ಬೇಕಾದ್ರೂ ಬೆಳೀತಾರೆ ಕಣೆ,” ಎಂದರು.

ವರ್ಷಗಟ್ಟಲೆ ಫ್ಲ್ಯಾಟಿನಲ್ಲಿದ್ದು ಕೊನೆಗೂ ನೆಲಮಹಡಿಯ ಮನೆ ಸಿಕ್ಕಿತ್ತು, ಹಿಂದೆ ಎರಡು ಚಾಪೆ ಹಾಸುವಷ್ಟು ಮಣ್ಣು. ಆ ಮಣ್ಣಿಗೆ ಅವರು ಬರ್ಕಾ ರಸ್ತೆಬದಿಯ ನರ್ಸರಿಯಿಂದ ಗಿಡ ತಂದರು. ಅದಕ್ಕೆ ಕಟ್ಟಿದ್ದ ಚೀಟಿಯ ಮೇಲೆ ಕೆಂಪು ಸೇಬಿನ ಚಿತ್ರವಿತ್ತು. ಆಫೀಸಿನಲ್ಲಿ ಹತ್ತು ಸಲ ಲೆಕ್ಕ ಹಾಕದೆ ಒಂದು ಬೋಲ್ಟ್ ಕೂಡ ತರಿಸದ ಎಂಜಿನಿಯರ್, ಚಿತ್ರ ನೋಡಿ ಗಿಡ ಕೊಂಡಿದ್ದರು.

ಮೊದಲ ಬೇಸಿಗೆಯಲ್ಲೇ ಎಲೆಗಳ ಅಂಚು ಹಪ್ಪಳದಂತೆ ಸುಟ್ಟುಹೋಯಿತು. ಹಸಿರು ಬಲೆ ಕಟ್ಟಿದರು. ಗಿಡ ಹೇಗೋ ಬದುಕಿತು, ಹೂ ಮಾತ್ರ ಬಿಡಲಿಲ್ಲ. ಸೇಬಿಗೆ ಚಳಿಗಾಲದಲ್ಲಿ ವಾರಗಟ್ಟಲೆ ಗಟ್ಟಿ ಚಳಿ ತಗುಲದಿದ್ದರೆ ಮೊಗ್ಗು ಏಳುವುದಿಲ್ಲವೆಂದು ಆಮೇಲೆ ಫೋನಿನಲ್ಲಿ ಓದಿದರು. ಇನ್ನು ಕೈಬಿಡುತ್ತಾರೆ ಎಂದುಕೊಂಡೆ. ಮರುದಿನ ನನ್ನ ಫ್ರೀಜರ್ ತುಂಬ ಐಸ್ ಟ್ರೇಗಳು! ದಿನವೂ ಸಂಜೆ ಗಿಡದ ಬುಡಕ್ಕೆ ಐಸ್ ಸುರಿಯುವುದು ಶುರುವಾಯಿತು. “ಅಪ್ಪಾ, ಪ್ಲೀಸ್ ಸ್ಟಾಪ್,” ಎಂದು ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪಕ್ಕದ ಮನೆಯವರು ಉಳ್ಳಾಲದ ಕಡೆಯ ಬ್ಯಾರಿಗಳು, ದಿನಸಿ ಅಂಗಡಿ ಇಟ್ಟವರು. ಗೋಡೆಯಾಚೆಯಿಂದ ಇಣುಕಿ, “ಎಂತ ಮಾರಾಯ್ರೆ, ಗಿಡಕ್ಕೆ ಶರಬತ್ತಾ?” ಎಂದರು. ನನ್ನ ಗಂಡ ಅದನ್ನು ಮೆಚ್ಚುಗೆ ಎಂದೇ ತಿಳಿದರು.

ಐಸಿಗೆ ಜಾಗ ಮಾಡಲು ಹೊರಗಿಟ್ಟ ತೆಂಗಿನತುರಿಯೆಲ್ಲ ಹಳಸಿದ ದಿನ ನನ್ನ ತಾಳ್ಮೆ ಮುಗಿಯಿತು. “ಖಲಾಸ್! ಈ ಮನೇಲಿ ಅದಿರ್ಬೇಕು, ಇಲ್ಲ ನಾನಿರ್ಬೇಕು,” ಎಂದೆ. ಅವರು ಉತ್ತರಕ್ಕೆ ಯೋಚಿಸತೊಡಗಿದ್ದು ನನ್ನನ್ನು ಇನ್ನಷ್ಟು ಕೆರಳಿಸಿತು.

ಜಗಳ ಬಿಡಿಸಿದ್ದು ಪಕ್ಕದ ಮನೆಯವರೇ. “ಜಬಲ್ ಅಖ್ದರ್‌ಗೆ ಕೊಂಡೋಗಿ. ಬೆಟ್ಟದ ಮೇಲೆ ಒಳ್ಳೆ ಚಳಿ ಉಂಟು, ಹಣ್ಣಿನ ತೋಟಗಳೇ ಉಂಟು. ಯಾರಾದ್ರೂ ಇಟ್ಕೊಳ್ತಾರೆ.”

ಶುಕ್ರವಾರ ಗಿಡ ಅಗೆದು, ಬೇರಿಗೆ ಒದ್ದೆ ಗೋಣಿ ಸುತ್ತಿ, ನಮ್ಮ ಪುಟ್ಟ ಕಾರಿನಲ್ಲಿ ಮಲಗಿಸಿದೆವು. ಬುಡ ಹಿಂದಿನ ಸೀಟಿನಲ್ಲಿ, ರೆಂಬೆಗಳು ನನ್ನ ಮುಖಕ್ಕೆ. ಮಗಳು ಬರಲೊಪ್ಪಲಿಲ್ಲ. ಕೂದಲಲ್ಲಿ ಕಡ್ಡಿ ಸಿಕ್ಕಿಸಿಕೊಂಡು ಬೆಟ್ಟದ ಬುಡದ ಚೆಕ್‌ಪೋಸ್ಟ್ ತಲುಪಿದರೆ, ಪೊಲೀಸ್ ಕೈ ಅಡ್ಡ ಹಿಡಿದ. ಮೇಲಕ್ಕೆ ಫೋರ್ ವ್ಹೀಲ್ ಡ್ರೈವ್ ಗಾಡಿಗಳಿಗೆ ಮಾತ್ರ ದಾರಿ.

“ನಿಮಗೆ ಗೊತ್ತಿರ್ಲಿಲ್ವೇನ್ರೀ?”

“ಬಿಡ್ತಾರೆ ಅಂದ್ಕೊಂಡಿದ್ದೆ ಕಣೆ.”

ಕಾರಿಂದಿಳಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಇವರು ಗಿಡ ಎತ್ತಿಕೊಂಡು, ಮೇಲೆ ಹೋಗುವ ಗಾಡಿಗಳಿಗೆಲ್ಲ ಕೈ ತೋರಿಸುತ್ತ ನಿಂತರು. ಕೊನೆಗೊಂದು ಪಿಕಪ್ ನಿಂತಿತು. ಒಳಗೆ ಬೆಟ್ಟದ ಊರಿನ ಮುದುಕರೊಬ್ಬರು, ಹಿಂದೆ ಮೇಕೆಗಳು. ಇವರ ಹಿಂದಿ, ಅವರ ಹಿಂದಿ ಸೇರಿ ವಿಷಯ ಮುಟ್ಟಿತು. ಮುದುಕರು ನಕ್ಕು, ಮೇಕೆಗಳು ಎಲೆ ತಿನ್ನದಿರಲೆಂದು ಗಿಡವನ್ನು ಮುಂದಿನ ಸೀಟಿಗೇ ಏರಿಸಿ, ಇವರ ಫೋನ್ ನಂಬರ್ ತೆಗೆದುಕೊಂಡು, “ಯಲ್ಲಾ” ಎಂದು ಹೊರಟುಹೋದರು.

ವಾಪಸ್ ದಾರಿಯುದ್ದಕ್ಕೂ ಇವರು ಕನ್ನಡಿಯಲ್ಲಿ ಬೆಟ್ಟವನ್ನೇ ನೋಡುತ್ತ ಕಾರು ಓಡಿಸಿದರು. ನಾನು ಬೈಯಲು ಕೂಡಿಟ್ಟಿದ್ದೆಲ್ಲ ಹಾಗೇ ಉಳಿಯಿತು. ಅದಕ್ಕೂ ಸಿಟ್ಟು ಬಂತು. ಆ ವಾರವೇ ಅದೇ ಗುಂಡಿಯಲ್ಲಿ ನಿಂಬೆ ನೆಟ್ಟೆ.

ಮರುವರ್ಷ ಚಳಿ ಕಳೆದ ಮೇಲೆ ಮುದುಕರು ಫೋಟೋ ಕಳಿಸಿದರು. ಕಲ್ಲುಗೋಡೆಯ ಪಕ್ಕ ನಮ್ಮ ಗಿಡ, ಮೈತುಂಬ ಬಿಳಿ ಹೂವು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಇವರು ಆಫೀಸಿನವರಿಗೆಲ್ಲ ತೋರಿಸಿ ಬಂದು, ಊಟಕ್ಕೆ ಕೂತವರು ಮೆಲ್ಲಗೆ ಶುರುಮಾಡಿದರು:

“ಅಲ್ಲ ಕಣೆ, ಆ ಗಿಡ ನೋಡ್ಕೊಂಡು ಬರೋಕಾದ್ರೂ ನಾವೊಂದು ಫೋರ್ ವ್ಹೀಲ್ ಡ್ರೈವ್ ತಗೋಬೇಕು.”